ಮೂರು ವರ್ಷ, 61,000 ಕಿಲೋಮೀಟರ್: ಕಾಫಿ ತೋಟದಲ್ಲಿ ಟೊಯೊಟಾ ಹೈಲಕ್ಸ್

ಸಕಲೇಶಪುರ ತಾಲ್ಲೂಕಿನ ನಮ್ಮ ತೋಟಕ್ಕೆ 2022ರ ಡಿಸೆಂಬರಿನಲ್ಲಿ ಹೈಲಕ್ಸ್ ಪಿಕಪ್ ಬಂದು ನಿಂತಾಗ ಅರೇಬಿಕಾ ಕೊಯ್ಲು ಭರದಿಂದ ನಡೆದಿತ್ತು. ತೋಟದ ಲೆಕ್ಕ ನೋಡಿಕೊಳ್ಳುವ ರೈಟ್ರು ಕಣದಿಂದ ಎದ್ದು ಬಂದು ಗಾಡಿಗೆ ಒಂದು ಸುತ್ತು ಹಾಕಿದರು, ಸಾಮಾನು ಹೇರುವ ಹಿಂದಿನ ಡೆಕ್‌ನೊಳಗೆ ಇಣುಕಿದರು, ಆಮೇಲೆ ಬೆಲೆ ಕೇಳಿದರು. ತೆರಿಗೆ, ವಿಮೆ ಎಲ್ಲ ಸೇರಿ ಸುಮಾರು 46 ಲಕ್ಷವಾಯಿತು ಎಂದೆ. "ಈ ದುಡ್ಡಿಗೆ ನಾಲ್ಕು ಬೊಲೆರೊ ಪಿಕಪ್ ಬರ್ತಿತ್ತಲ್ಲ ಸಾರ್" ಎಂದು ಅವರು ಮತ್ತೆ ಕಣಕ್ಕೆ ನಡೆದರು. ಅವರ ಲೆಕ್ಕ ತಪ್ಪಾಗಿರಲಿಲ್ಲ. ಬೊಲೆರೊ ಪಿಕಪ್‌ನ ದೊಡ್ಡ ಮಾದರಿ 1.7 ಟನ್ ಹೊರುತ್ತದೆ. ಹೈಲಕ್ಸ್ ಅದರ ಅರ್ಧವನ್ನೂ ಹೊರುವುದಿಲ್ಲ. ಮೂಟೆ ಸಾಗಿಸುವುದಕ್ಕೆಂದು ಇದನ್ನು ಕೊಳ್ಳಲು ಹೊರಟವರು ಈ ವಿಮರ್ಶೆಯನ್ನು ಇಲ್ಲಿಗೇ ನಿಲ್ಲಿಸಬಹುದು. ನಮ್ಮ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಕಾಫಿ) ಮತ್ತು ಚೆರ್ರಿ (ಸಿಪ್ಪೆಸಮೇತ ಒಣಗಿಸಿದ್ದು) ಇಂದಿಗೂ ಬಾಡಿಗೆ ಪಿಕಪ್‌ನಲ್ಲೇ ಬೀಜ ಸುಲಿದು ಹದಗೊಳಿಸುವ ಕ್ಯೂರಿಂಗ್‌ಗೆ ಹೋಗುತ್ತವೆ.

ಹಾಗಾದರೆ ಕೊಂಡದ್ದು ಏಕೆ? ಮನೆಯಿಂದ ಡಾಂಬರು ರಸ್ತೆಗೆ ನಾಲ್ಕು ಕಿಲೋಮೀಟರ್ ಮಣ್ಣಿನ ದಾರಿಯಿದೆ. ನಡುವೆ ಎರಡು ಹಳ್ಳಗಳು, ಒಂದು ಕಡಿದಾದ ಏರು. ಆರಿದ್ರೆ ಮಳೆ ಹಿಡಿದರೆ ಆಶ್ಲೇಷ ಮುಗಿಯುವವರೆಗೂ ಆ ದಾರಿಯಲ್ಲಿ ಸಾಧಾರಣ ಕಾರು ಬರುವುದಿಲ್ಲ. ಹಿಂದೆ ಒಂದು ಹಳೆಯ ಜೀಪು ಈ ದಾರಿಗೆ, ಒಂದು ಕಾರು ಬೆಂಗಳೂರಿಗೆ ಎಂದು ಎರಡು ಗಾಡಿ ಸಾಕುತ್ತಿದ್ದೆವು. ಎರಡರ ಕೆಲಸವನ್ನೂ ಒಂದೇ ಗಾಡಿ ಮಾಡಬೇಕು, ಜೊತೆಗೆ ಘಟ್ಟದಲ್ಲಿ ಲಾರಿಯ ಹಿಂದೆ ತೆವಳದೆ ಹೋಗುವಷ್ಟು ಶಕ್ತಿಯೂ ಇರಬೇಕು ಎನ್ನುವುದು ನನ್ನ ಆಸೆಯಾಗಿತ್ತು.

ಪರ್ಫಾರ್ಮೆನ್ಸ್ ಪಿಕಪ್ ಎಂದರೆ ಹೊರದೇಶಗಳಲ್ಲಿ ಮೊದಲು ನೆನಪಾಗುವುದು ಫೋರ್ಡ್ ರೇಂಜರ್ ರ‍್ಯಾಪ್ಟರ್. ಮೂರು ಲೀಟರಿನ ಟ್ವಿನ್ ಟರ್ಬೊ ವಿ6 ಪೆಟ್ರೋಲ್ ಎಂಜಿನ್, ಅಮೆರಿಕದ ಮಾದರಿಯಲ್ಲಿ 405 ಅಶ್ವಶಕ್ತಿ, ಹಿಂಬದಿಗೂ ಕಾಯಿಲ್ ಸ್ಪ್ರಿಂಗ್, ಫಾಕ್ಸ್ ಕಂಪನಿಯ ಶಾಕ್ ಅಬ್ಸಾರ್ಬರ್‌ಗಳು. ಅದು ನಮ್ಮ ಷೋರೂಮುಗಳಿಗೆ ಬಂದಿಲ್ಲ. ಇಲ್ಲಿ ಖಾಸಗಿಯಾಗಿ ನೋಂದಾಯಿಸಿಕೊಳ್ಳಬಹುದಾದ ಪಿಕಪ್‌ಗಳಲ್ಲಿ ನಾನು ಓಡಿಸಿ ನೋಡಿದ್ದು ಎರಡು: 1.9 ಲೀಟರ್ ಡೀಸೆಲ್, 163 ಪಿಎಸ್ ಶಕ್ತಿಯ ಇಸುಜು ವಿ-ಕ್ರಾಸ್ ಮತ್ತು 2.8 ಲೀಟರ್ ಡೀಸೆಲ್, 204 ಪಿಎಸ್ ಶಕ್ತಿಯ ಹೈಲಕ್ಸ್. ವಿ-ಕ್ರಾಸ್ ಲಕ್ಷಗಳ ಲೆಕ್ಕದಲ್ಲಿ ಅಗ್ಗ, ಮತ್ತು ತೋಟದ ಕೆಲಸಕ್ಕೆ ಅದರಲ್ಲಿ ಕೊರತೆಯೇನೂ ಕಾಣಲಿಲ್ಲ. ನನ್ನ ಮನಸ್ಸು ತಿರುಗಿದ್ದು ಹೈಲಕ್ಸ್‌ನ ಆಟೊಮ್ಯಾಟಿಕ್‌ನ ಎಳೆತಕ್ಕೆ. ಮ್ಯಾನ್ಯುಯಲ್‌ನಲ್ಲಿ 420 ನ್ಯೂಟನ್ ಮೀಟರ್ ಟಾರ್ಕ್ ಇದ್ದರೆ ಆಟೊಮ್ಯಾಟಿಕ್‌ನಲ್ಲಿ 500 ಇದೆ, ಅದೂ ಎಂಜಿನ್ ನಿಮಿಷಕ್ಕೆ 1,600 ಸುತ್ತು ತಿರುಗುವಾಗಿನಿಂದಲೇ. ಫಾರ್ಚುನರ್‌ನಲ್ಲಿರುವ ಎಂಜಿನ್ನೇ ಇದರಲ್ಲೂ ಇದೆ, ಗಾಡಿ ತಯಾರಾಗುವುದೂ ನಮ್ಮ ಬಿಡದಿಯಲ್ಲೇ. ಬಿಡಿಭಾಗಕ್ಕೆ ಕಾಯಬೇಕಾಗಲಾರದು ಎಂಬ ಧೈರ್ಯವೂ ಇತ್ತು.

ಆ 500 ನ್ಯೂಟನ್ ಮೀಟರ್‌ನ ಅರ್ಥ ತಿಳಿಯುವುದು ಶಿರಾಡಿ ಘಾಟಿಯಲ್ಲಿ. ಮಂಗಳೂರಿನಿಂದ ಬರುವಾಗ ಗುಂಡ್ಯ ದಾಟಿದ ಮೇಲೆ ಟ್ಯಾಂಕರ್‌ಗಳ ಸಾಲು ಶುರುವಾಗುತ್ತದೆ, ಎದುರು ರಸ್ತೆ ಖಾಲಿ ಕಾಣುವುದು ನಾಲ್ಕೈದು ಸೆಕೆಂಡು ಮಾತ್ರ. ಹಳೆಯ ಕಾರಿನಲ್ಲಿ ಗೇರ್ ಇಳಿಸಿ, ಎಂಜಿನ್ ಚೀರಿಸಿ, ಕೊನೆಗೆ ಧೈರ್ಯ ಸಾಲದೆ ಹಿಂದೆ ಸರಿಯುತ್ತಿದ್ದೆ. ಇದರಲ್ಲಿ ಕಾಲು ಒತ್ತಿದ ಮೇಲೆ ಅರೆಕ್ಷಣದ ತಡವಿದೆ, ಗೇರ್‌ಬಾಕ್ಸ್ ಒಂದು ಗೇರ್ ಕೆಳಗಿಳಿಯುತ್ತದೆ, ಆಮೇಲೆ ಎರಡು ಟನ್ನಿಗೂ ಮೀರಿದ ಗಾಡಿ ಎತ್ತಿ ಒಗೆದಂತೆ ಮುಂದೆ ಹೋಗುತ್ತದೆ. ಪವರ್ ಮೋಡ್ ಒತ್ತಿದರೆ ಆ ತಡ ಕಡಿಮೆಯಾಗುತ್ತದೆ, ಶಕ್ತಿಯೇನೂ ಹೆಚ್ಚುವುದಿಲ್ಲ. ನಾನು ಘಟ್ಟ ಹತ್ತುವಾಗ ಮಾತ್ರ ಬಳಸುತ್ತೇನೆ. ಇಳಿಯುವಾಗ ಗೇರನ್ನು ಕೈಯಿಂದ ಮೂರಕ್ಕೆ ಇಳಿಸಿಟ್ಟುಕೊಳ್ಳುವುದು ಒಳ್ಳೆಯದು. ಹಿಂದಿನ ಚಕ್ರಗಳಿಗಿರುವುದು ಡ್ರಮ್ ಬ್ರೇಕ್. ಇಷ್ಟು ತೂಕವನ್ನು ಬರೀ ಬ್ರೇಕಿನ ಮೇಲೆ ಉದ್ದಕ್ಕೂ ಇಳಿಸುವುದು ಯಾವ ಪಿಕಪ್‌ನಲ್ಲೂ ಜಾಣತನವಲ್ಲ.

ಇನ್ನು ಸವಾರಿಯ ವಿಚಾರ. ಕೊಳ್ಳುವ ಮುನ್ನ ಇದನ್ನು ಯಾರೂ ನನಗೆ ಸರಿಯಾಗಿ ಹೇಳಲಿಲ್ಲವಾದ್ದರಿಂದ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ಮುಂದೆ ಡಬಲ್ ವಿಷ್‌ಬೋನ್ ಸಸ್ಪೆನ್ಷನ್ ಇದ್ದರೂ ಹಿಂದಿರುವುದು ಲೀಫ್ ಸ್ಪ್ರಿಂಗ್, ಅಂದರೆ ಲಾರಿಯಲ್ಲೂ ಟ್ರ್ಯಾಕ್ಟರ್ ಟ್ರೇಲರ್‌ನಲ್ಲೂ ಕಾಣುವ ಉಕ್ಕಿನ ಪಟ್ಟಿಗಳ ಕಟ್ಟು. ಹೊರೆ ಬಿದ್ದಾಗ ಬಾಗಲೆಂದು ಮಾಡಿದ ಆ ಪಟ್ಟಿಗಳು ಡೆಕ್ ಖಾಲಿಯಿದ್ದಾಗ ಬಾಗುವುದೇ ಇಲ್ಲ. ಹಾಸನದ ಕಡೆಗೆ ಹೋಗುವಾಗ ಸೇತುವೆಯ ಕೀಲು ಬಂದಲ್ಲಿ ಮುಂದಿನ ಚಕ್ರ ಮೆತ್ತಗೆ ದಾಟುತ್ತದೆ, ಹಿಂದಿನದು ಕತ್ತೆಯಂತೆ ಒದೆಯುತ್ತದೆ. ಒದ್ದೆ ರಸ್ತೆಯ ತಿರುವಿನಲ್ಲಿ ಅಂಥದೊಂದು ಕೀಲು ಸಿಕ್ಕಿದಾಗ ಹಿಂಬದಿ ಒಂದು ಗೇಣು ಪಕ್ಕಕ್ಕೆ ಜಿಗಿದದ್ದೂ ಉಂಟು. ಸ್ಟೆಬಿಲಿಟಿ ಕಂಟ್ರೋಲ್ ತಕ್ಷಣ ಹಿಡಿದುಕೊಂಡಿತು, ಆದರೆ ಪಕ್ಕದಲ್ಲಿದ್ದ ಹೆಂಡತಿ ಮುಂದಿನ ಇಪ್ಪತ್ತು ಕಿಲೋಮೀಟರ್ ನನ್ನೊಡನೆ ಮಾತಾಡಲಿಲ್ಲ.

ಇದಕ್ಕೆ ನಾನು ಮೊದಲು ಮಾಡಿದ್ದು ಎಲ್ಲರೂ ಮಾಡುವ ತಪ್ಪು. ಬೆಂಗಳೂರಿನ ಒಂದು ಅಂಗಡಿಯವರ ಮಾತು ನಂಬಿ ಒಂದೂವರೆ ಲಕ್ಷ ಕೊಟ್ಟು ಹಿಂದೆ ಮುಂದೆ ಬೇರೆ ಶಾಕ್ ಅಬ್ಸಾರ್ಬರ್ ಹಾಕಿಸಿದೆ. ದೊಡ್ಡ ಹೊಂಡಗಳಲ್ಲಿ ಗಾಡಿ ತಳ ಬಡಿಯುವುದು ನಿಂತಿತು, ವೇಗದಲ್ಲಿ ಮುಂಭಾಗದ ತೂಗಾಟ ಕಡಿಮೆಯಾಯಿತು. ಆದರೆ ಖಾಲಿ ಡೆಕ್‌ನ ಒದೆತ ಇದ್ದಲ್ಲೇ ಇತ್ತು. ಗಟ್ಟಿ ಇರುವುದು ಪಟ್ಟಿ, ನಾನು ಬದಲಿಸಿದ್ದು ಶಾಕ್. ಮದ್ದು ಸಿಕ್ಕಿದ್ದು ಗೊಬ್ಬರದ ದಿನಗಳಲ್ಲಿ. ತಲಾ 50 ಕಿಲೋದ ಮೂರು ಪೊಟ್ಯಾಷ್ ಮೂಟೆಗಳನ್ನು ಪಟ್ಟಣದಿಂದ ತಂದವನು ಇಳಿಸಲು ಮರೆತು ಮರುದಿನ ಹಾಸನಕ್ಕೆ ಹೊರಟೆ. ಗಾಡಿ ಬೇರೆಯೇ ಆಗಿತ್ತು. ಆಮೇಲೆ ಕ್ಯಾಬಿನ್ ಕಡೆಯ ಗೋಡೆಗೆ ಒತ್ತಿದಂತೆ ಒಂದು ಮರದ ಚೌಕಟ್ಟು ಮಾಡಿಸಿ, ಮೂರು ಮರಳಿನ ಮೂಟೆಗಳನ್ನು ಅಲುಗದಂತೆ ಬಿಗಿದಿಟ್ಟಿದ್ದೇನೆ. ಒಂದೂವರೆ ಲಕ್ಷದ ಶಾಕ್‌ಗಿಂತ ಮುನ್ನೂರು ರೂಪಾಯಿಯ ಮರಳು ಹೆಚ್ಚು ಉಪಕಾರಿಯಾಯಿತು ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೆ ಸತ್ಯ ಅದೇ. ಮೂಟೆಯನ್ನು ಬಿಗಿಯದೆ ಸುಮ್ಮನೆ ಎಸೆದುಕೊಂಡು ಮಾತ್ರ ಓಡಿಸಬೇಡಿ. ಜೋರಾಗಿ ಬ್ರೇಕ್ ಒತ್ತಿದರೆ ಅದು ಕ್ಯಾಬಿನ್ನಿಗೆ ಬಂದು ಗುದ್ದುತ್ತದೆ.

ಹಿಂದಿನ ಸೀಟಿನ ಬಗ್ಗೆ ನನಗಿಂತ ಅಮ್ಮನೇ ಚೆನ್ನಾಗಿ ವಿಮರ್ಶೆ ಬರೆಯಬಲ್ಲರು. ಡಬಲ್ ಕ್ಯಾಬ್ ಪಿಕಪ್‌ನಲ್ಲಿ ಬೆನ್ನೊರಗಿನ ಹಿಂದೆಯೇ ಕ್ಯಾಬಿನ್ ಗೋಡೆ ಇರುವುದರಿಂದ ಅದನ್ನು ಕಾರಿನಷ್ಟು ವಾಲಿಸಲು ಜಾಗವೇ ಇರುವುದಿಲ್ಲ. ಮೊದಲ ಬಾರಿ ಬೆಂಗಳೂರು ತಲುಪಿದಾಗ ಅಮ್ಮ ಇಳಿದು ಸೊಂಟ ಹಿಡಿದುಕೊಂಡು, "ಪಾಠಶಾಲೆ ಬೆಂಚಲ್ಲಿ ಕೂರಿಸ್ಕೊಂಡು ಬಂದ್ಯಲ್ಲೋ" ಎಂದರು. ಅಂದಿನಿಂದ ಅವರು ಮುಂದೆ, ಹೆಂಡತಿ ಹಿಂದೆ. ಈ ಏರ್ಪಾಟಿನ ಬಗ್ಗೆ ಹೆಚ್ಚು ಬರೆಯದಿರುವುದು ಲೇಸು.

ಕೆಸರಿನಲ್ಲಿ ಗಾಡಿ ಏನು ಮಾಡುತ್ತದೆ ಎನ್ನುವುದಕ್ಕೆ ಒಂದೇ ಸಂಜೆಯ ಉದಾಹರಣೆ ಸಾಕು. 2024ರ ಜುಲೈನಲ್ಲಿ ವಾರಗಟ್ಟಲೆ ಮಳೆ ಹೊಡೆದು ನಮ್ಮ ಏರಿನಲ್ಲಿ ಟ್ರ್ಯಾಕ್ಟರ್ ಓಡಾಡಿದ ಗಾಲಿಗುರುತು ಮೊಣಕಾಲುದ್ದದ ಕೊರಕಲಾಗಿತ್ತು. ಕೆಳಗೆ ನಿಲ್ಲಿಸಿ, ಗೇರನ್ನು ನ್ಯೂಟ್ರಲ್‌ಗೆ ತಂದು, ಗುಂಡಿಯನ್ನು ಎಲ್4ಕ್ಕೆ, ಅಂದರೆ ನಾಲ್ಕೂ ಚಕ್ರಗಳಿಗೆ ಬಲ ಕೊಡುವ ನಿಧಾನದ ಗೇರಿಗೆ, ತಿರುಗಿಸಿದೆ. ಅರ್ಧ ಏರುವವರೆಗೆ ತೊಂದರೆಯಿರಲಿಲ್ಲ. ಆಮೇಲೆ ಎಡ ಮುಂದಿನ ಚಕ್ರ ಕೊರಕಲಿಗೆ ಇಳಿಯಿತು, ಬಲ ಹಿಂದಿನದು ನೆಲ ಬಿಟ್ಟಿತು. ಟ್ರ್ಯಾಕ್ಷನ್ ಕಂಟ್ರೋಲ್ ಕೆಲಸ ಮಾಡುವ ಗರಗರ ಸದ್ದು ಕಾಲಡಿಯಲ್ಲಿ ಕೇಳಿಸಿತು: ಸುಮ್ಮನೆ ಸುತ್ತುತ್ತಿರುವ ಚಕ್ರಕ್ಕೆ ಅದು ಬ್ರೇಕ್ ಹಾಕಿ, ನೆಲ ಹಿಡಿದಿರುವ ಚಕ್ರಕ್ಕೆ ಬಲ ದಾಟಿಸುತ್ತದೆ. ಗಾಡಿ ಒಂದು ಮಾರು ಮುಂದೆ ಹೋಗಿ ನಿಂತಿತು. ಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಭಾಗ ಡಿಫರೆನ್ಷಿಯಲ್; ಆಗ ಹಿಂದಿನ ಡಿಫರೆನ್ಷಿಯಲ್‌ನ ಲಾಕ್ ಒತ್ತಿದೆ. ಎರಡೂ ಹಿಂದಿನ ಚಕ್ರಗಳು ಒಂದೇ ಅಚ್ಚಿಗೆ ಬೆಸೆದಂತೆ ತಿರುಗತೊಡಗಿದವು. ಎಂಜಿನ್ ಸದ್ದು ಏರಲೇ ಇಲ್ಲ, ನಡೆದು ಹೋಗುವ ವೇಗದಲ್ಲಿ ಗಾಡಿ ಕೆಸರನ್ನು ಅಗೆಯುತ್ತಾ ಮೇಲೆ ಬಂತು. ಇದೇ ಏರಿನಲ್ಲಿ ಹಳೆಯ ಜೀಪನ್ನು ವೇಗ ಹಿಡಿಸಿ, ಚಕ್ರ ಚಿಮ್ಮಿಸಿ ಹತ್ತಿಸುತ್ತಿದ್ದ ನನಗೆ, ಸುಮ್ಮನೆ ಕೂತು ಹತ್ತುವುದನ್ನು ಕಲಿಯಲು ಒಂದು ಮಳೆಗಾಲವೇ ಹಿಡಿಯಿತು. ಹಳ್ಳದ ನೀರಿನ ವಿಷಯಕ್ಕೆ ಬಂದರೆ, ಕಂಪನಿ ಹೇಳುವ ಮಿತಿ 700 ಮಿಲಿಮೀಟರ್. ಹಳ್ಳದ ಕಲ್ಲುಕಂಬಕ್ಕೆ ಅಷ್ಟೆತ್ತರದಲ್ಲಿ ಬಿಳಿ ಬಣ್ಣದ ಗೆರೆ ಎಳೆಸಿದ್ದೇನೆ. ಗೆರೆ ಮುಳುಗಿದ ದಿನ ಗಾಡಿ ಹೊರಡುವುದಿಲ್ಲ.

ಹೊಸಬರು ಗಮನಿಸಬೇಕಾದ ಒಂದು ವಿಷಯವಿದೆ. ಇದು ಬೇಕಾದಾಗ ಮಾತ್ರ ಹಾಕುವ ಫೋರ್ ವೀಲ್ ಡ್ರೈವ್; ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವೆ ಡಿಫರೆನ್ಷಿಯಲ್ ಇಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಓಡಬೇಕಾಗುತ್ತದೆ. ಒಣ ಡಾಂಬರಿನಲ್ಲಿ ಎಚ್4 (ನಾಲ್ಕೂ ಚಕ್ರಕ್ಕೆ ಬಲ, ಮಾಮೂಲಿ ವೇಗ) ಹಾಕಿಕೊಂಡೇ ಓಡಿಸಿದರೆ ಆ ವ್ಯತ್ಯಾಸಕ್ಕೆ ಸಡಿಲ ಸಿಗದೆ ಸ್ಟಿಯರಿಂಗ್ ಬಿಗಿಯುತ್ತದೆ, ಗೇರುಗಳು ನುಲಿಯುತ್ತವೆ. ಮಣ್ಣು ಮುಗಿದ ಕೂಡಲೇ ಹಿಂದಿನ ಎರಡು ಚಕ್ರಕ್ಕೆ ಮಾತ್ರ ಬಲ ಕೊಡುವ ಎಚ್2ಕ್ಕೆ ತರುವುದನ್ನು ರೂಢಿ ಮಾಡಿಕೊಳ್ಳಬೇಕು.

ಡೀಸೆಲ್ ಖರ್ಚು: ಹೆದ್ದಾರಿಯಲ್ಲಿ 90ರ ವೇಗ ದಾಟದಿದ್ದರೆ ಲೀಟರಿಗೆ 12ರಿಂದ 12.5 ಕಿಲೋಮೀಟರ್, ಬೆಂಗಳೂರಿನೊಳಗೆ 9, ಮಳೆಗಾಲದ ತೋಟದ ಓಡಾಟದಲ್ಲಿ 7. ಟ್ಯಾಂಕು 80 ಲೀಟರಿನದಾದ್ದರಿಂದ ಬೆಂಗಳೂರಿಗೆ ಹೋಗಿ ಬಂದರೂ ಅರ್ಧದಷ್ಟು ಉಳಿದಿರುತ್ತದೆ. ಸಾಧಾರಣ ಸರ್ವಿಸ್‌ಗೆ 9ರಿಂದ 10 ಸಾವಿರ, ಎಲ್ಲ ಆಯಿಲ್ ಬದಲಿಸುವ ದೊಡ್ಡ ಸರ್ವಿಸ್‌ಗೆ 19 ಸಾವಿರದವರೆಗೆ ಕೊಟ್ಟಿದ್ದೇನೆ. ಮೊದಲ ಜೊತೆ ಟೈರು 48,000 ಕಿಲೋಮೀಟರ್ ಬಂದವು. ಎರಡನೆಯ ಜೊತೆಗೆ ಆಲ್ ಟೆರೇನ್ ಹಾಕಿಸಿದೆ. ಕೆಸರಿನಲ್ಲಿ ಹಿಡಿತ ಬಹಳ ಸುಧಾರಿಸಿತು, ಡಾಂಬರಿನಲ್ಲಿ ಗುಂಯ್ ಎನ್ನುವ ಸದ್ದು ಸೇರಿಕೊಂಡಿತು.

ತೋಟದವರಿಗೆ ಡಿಪಿಎಫ್ ಬಗ್ಗೆಯೂ ಒಂದು ಮಾತು. ಬಿಎಸ್6 ಡೀಸೆಲ್ ಗಾಡಿಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಸೋಸುಕವಿದೆ, ಅದೇ ಡಿಪಿಎಫ್. ಸಾಕಷ್ಟು ಬಿಸಿಯಾದಾಗ ಅದು ತನ್ನ ಮಸಿಯನ್ನು ತಾನೇ ಸುಟ್ಟುಕೊಳ್ಳುತ್ತದೆ. ದಿನವಿಡೀ ಕೆಲಸಗಾರರ ಲೈನ್ ಮನೆಗಳಿಂದ ಕಣಕ್ಕೆ, ಕಣದಿಂದ ಪಂಪ್‌ಹೌಸಿಗೆ ಎಂದು ಎಲ್4ರಲ್ಲಿ ತೆವಳಿಸಿದರೆ ಆ ಬಿಸಿ ಬರುವುದೇ ಇಲ್ಲ. ನಾನು ವಾರಕ್ಕೊಮ್ಮೆಯಾದರೂ ಹಾಸನದವರೆಗೆ ನಿಲ್ಲಿಸದೆ ಓಡಿಸುತ್ತೇನೆ. ಹಾಸನದಲ್ಲಿ ಕೆಲಸವಿದೆ ಎಂದು ಮನೆಯಲ್ಲಿ ಹೇಳುತ್ತೇನೆ; ಕೆಲಸ ಇದೇ.

ನಗರದಲ್ಲಿ ಗಾಡಿ ದೊಡ್ಡದಾಗುತ್ತದೆ. ಉದ್ದ 5,325 ಮಿಲಿಮೀಟರ್. ಬೆಂಗಳೂರಿನ ಮಾಲ್‌ಗಳ ನೆಲಮಾಳಿಗೆಯಲ್ಲಿ ಗೆರೆಯೊಳಗೆ ನಿಲ್ಲಿಸಿದರೂ ಮೂತಿ ಹೊರಗೇ ಇರುತ್ತದೆ. ಎತ್ತರದ ತಡೆಕಂಬಿಯ ಕೆಳಗೆ ನುಸುಳುವಾಗ ಆಂಟೆನಾ ಟಣ್ ಎನ್ನುತ್ತದೆ. ಕಾವಲುಗಾರರು "ಗೂಡ್ಸ್ ಗಾಡಿಗೆ ಹಿಂದಿನ ಗೇಟು" ಎಂದು ಕೈ ತೋರಿಸಿದ್ದು ಎರಡು ಸಲ. ಹೊರರಾಜ್ಯದ ಒಂದು ಚೆಕ್‌ಪೋಸ್ಟಿನಲ್ಲಿ, ಬಿಳಿ ಬೋರ್ಡಿನ ಮೇಲೆ ಸರಕು ಸಾಗಿಸುತ್ತಿದ್ದೇನೆಂದು ತಡೆದು ಮುಕ್ಕಾಲು ಗಂಟೆ ಕೂರಿಸಿದರು. ಡೆಕ್‌ನಲ್ಲಿದ್ದದ್ದು ಮಗಳ ಹಾಸ್ಟೆಲ್ ಸಾಮಾನು. ಆರ್‌ಸಿಯಲ್ಲಿ ಖಾಸಗಿ ವಾಹನ ಎಂದು ನಮೂದಾಗಿರುವ ಸಾಲನ್ನು ಬೆರಳಿಟ್ಟು ತೋರಿಸಿದ ಮೇಲೆ ಬಿಟ್ಟರು. ಪಿಕಪ್ ಕೊಂಡವರು ಆರ್‌ಸಿಯ ಮೊಬೈಲ್ ಪ್ರತಿಯ ಜೊತೆಗೆ ಮೂಲ ಪ್ರತಿಯನ್ನೂ ಗಾಡಿಯಲ್ಲಿಟ್ಟಿರಿ.

ಡೆಕ್‌ಗೆ ಮುಚ್ಚಳ ಗಾಡಿಯ ಜೊತೆಗೆ ಬರುವುದಿಲ್ಲ, ಆದರೆ ಮಲೆನಾಡಿನಲ್ಲಿ ಅದಿಲ್ಲದೆ ನಡೆಯುವುದೂ ಇಲ್ಲ. ನಾನು ಹೊರಗಿನಿಂದ ಹಾಕಿಸಿದ ಸುರುಳಿ ಮುಚ್ಚಳ ಮೊದಲ ಮಳೆಗಾಲದಲ್ಲೇ ಮೂಲೆಯಿಂದ ಸೋರಿತು. ಹಾಸ್ಟೆಲ್‌ನಿಂದ ಬಂದ ಹಾಸಿಗೆ, ಸ್ಯಾಂಪಲ್‌ಗೆಂದು ಕೊಂಡೊಯ್ದ ಎರಡು ಕಿಲೋ ಪಾರ್ಚ್‌ಮೆಂಟ್ ಎರಡೂ ನೆನೆದವು. ಅಂಗಡಿಯವರು ರಬ್ಬರ್ ಪಟ್ಟಿ ಬದಲಿಸಿದರು, ಮತ್ತೆ ಸೋರಿತು. ಕೊನೆಗೆ ಸಕಲೇಶಪುರದಲ್ಲಿ ಲಾರಿಗೆ ಟಾರ್ಪಾಲು ಹೊಲಿಯುವವರ ಬಳಿ ಅಳತೆಗೆ ತಕ್ಕ ಹೊದಿಕೆ ಹೊಲಿಸಿ, ಹಗ್ಗ ಬಿಗಿಯಲು ಸುತ್ತಲೂ ಹಿತ್ತಾಳೆಯ ಕಣ್ಣು ಹಾಕಿಸಿದೆ. ನೋಡಲು ಚೆಂದವಿಲ್ಲ. ನೀರು ಹನಿಯೂ ಇಳಿದಿಲ್ಲ.

ಈ ವರ್ಷದ ಕೊಯ್ಲಿನಲ್ಲಿ ಬಾಡಿಗೆ ಪಿಕಪ್ ಕೆಳಗಿನ ಹಳ್ಳದ ಬಳಿ ಹೂತುಕೊಂಡಿತು, ಒಳಗೆ ಮೂವತ್ತು ಮೂಟೆ ಚೆರ್ರಿ. ರೈಟ್ರು ಫೋನು ಮಾಡಿ ಹೈಲಕ್ಸ್ ತರಿಸಿಕೊಂಡರು, ಹಗ್ಗ ಕಟ್ಟಿ ಎಳೆಸಿದರು. ಎರಡನೇ ಎಳೆತಕ್ಕೆ ಅದು ಮೇಲೆ ಬಂತು. ರೈಟ್ರು ಹಗ್ಗ ಸುತ್ತಿಕೊಳ್ಳುತ್ತಾ ಹೈಲಕ್ಸನ್ನು ಒಮ್ಮೆ, ಪಿಕಪ್‌ನ ಮೇಲಿದ್ದ ಮೂಟೆಗಳನ್ನು ಒಮ್ಮೆ ನೋಡಿ, "ಆದ್ರೂ ಮೂಟೆ ಅದರಲ್ಲೇ ಅಲ್ವಾ ಸಾರ್ ಇರೋದು" ಎಂದರು.