ಸಮುದ್ರದ ಸೂಕ್ಷ್ಮಪಾಚಿ ಗುರುತಿಸಲು ಕೊಬ್ಬಿನಾಮ್ಲವೋ ಸ್ಟೆರಾಲೋ?

ಎರಡರಿಂದ ನಾಲ್ಕು ಮೈಕ್ರಾನಿನ ಹಸಿರು ಗುಂಡು. ಅದು ಕ್ಲೋರೆಲ್ಲಾವೋ ನ್ಯಾನೋಕ್ಲೊರಾಪ್ಸಿಸೋ ಎಂದು ಸೂಕ್ಷ್ಮದರ್ಶಕ ಹೇಳುವುದಿಲ್ಲ. ಜಪಾನಿನಲ್ಲಿ ‘ಸಮುದ್ರ ಕ್ಲೋರೆಲ್ಲಾ’ ಎಂದೇ ಬೆಳೆಸುತ್ತಿದ್ದ ಪಾಚಿ ನ್ಯಾನೋಕ್ಲೊರಾಪ್ಸಿಸ್‌ನ ವರ್ಗಕ್ಕೆ ಸೇರಿದ್ದೆಂದು ತಿಳಿದದ್ದು 1986ರಲ್ಲಿ.

ಇವೆರಡನ್ನು ಬೇರ್ಪಡಿಸುವಷ್ಟಕ್ಕೆ ಕೋಶದ ಕೊಬ್ಬಿನಾಮ್ಲಗಳನ್ನು ಗ್ಯಾಸ್ ಕ್ರೊಮ್ಯಾಟೋಗ್ರಾಫ್‌ನಲ್ಲಿ (ಮಿಶ್ರಣದ ಘಟಕಗಳನ್ನು ಬಿಡಿಸಿ ತೋರಿಸುವ ಯಂತ್ರ) ನೋಡಿದರೆ ಸಾಕು. 20 ಇಂಗಾಲ, 5 ದ್ವಿಬಂಧದ 20:5 ಎನ್-3 (ಎನ್-3 ಎಂದರೆ ಬಾಲದ ತುದಿಯಿಂದ ಮೂರನೇ ಇಂಗಾಲದಲ್ಲಿ ಮೊದಲ ದ್ವಿಬಂಧ) ಹಾಗೂ 16:1 ಎನ್-7 ಎದ್ದು ಕಂಡರೆ ನ್ಯಾನೋಕ್ಲೊರಾಪ್ಸಿಸ್; 18:3 ಎನ್-3 ಹೇರಳವಾಗಿದ್ದು 20:5 ಕಾಣದಿದ್ದರೆ ಕ್ಲೋರೆಲ್ಲಾ. ಕೆಲಸವೂ ಹಗುರ: 450 ಡಿಗ್ರಿಯಲ್ಲಿ ಸುಟ್ಟ ಗಾಜುನಾರಿನ ಫಿಲ್ಟರ್ ಮೇಲೆ 50–100 ಮಿ.ಲೀ. ಕಲ್ಚರ್ (ಬೆಳೆಸಿದ ಪಾಚಿಯ ನೀರು) ಸೋಸಿ, 0.5 ಮೋಲಾರ್ ಅಮೋನಿಯಂ ಫಾರ್ಮೇಟ್‌ನಿಂದ ಉಪ್ಪು ತೊಳೆಯಿರಿ. ಬಳಿಕ ಮೆಥನಾಲ್, ಹೈಡ್ರೋಕ್ಲೋರಿಕ್ ಆಮ್ಲ, ಕ್ಲೋರೋಫಾರ್ಮ್ 10:1:1 ಬೆರೆಸಿ 100 ಡಿಗ್ರಿಯಲ್ಲಿ ಒಂದು ಗಂಟೆ. ಡಯಾಟಮ್ (ಸಿಲಿಕಾ ಚಿಪ್ಪಿನ ಪಾಚಿ) ಆದರೆ ಕೋಶ ಒಡೆಯದಂತೆ ಸೋಸುವಾಗಿನ ನಿರ್ವಾತವನ್ನು ಕಡಿಮೆ ಇಡಿ. ಕೋಶ ಒಡೆದ ಕೂಡಲೇ ಅದರ ಕಿಣ್ವಗಳು ಬಹುದ್ವಿಬಂಧದ ಆಮ್ಲಗಳನ್ನು ಬಿಡಿಸಿ ಉತ್ಕರ್ಷಿಸುತ್ತವೆ. ಸೋಸಿದೊಡನೆ ದ್ರವ ಸಾರಜನಕಕ್ಕೆ ಹಾಕುವುದು ಕ್ಷೇಮ.

ನಿಜವಾದ ತೊಂದರೆ ಕಲ್ಚರ್‌ನ ವಯಸ್ಸು. ನೈಟ್ರೇಟ್ ಮುಗಿದರೆ ಪಾಚಿ ಟ್ರೈಗ್ಲಿಸರೈಡ್ (ಶೇಖರಣೆಯ ಕೊಬ್ಬು) ಕೂಡಿಡುತ್ತದೆ. 16:0, 16:1 ಉಬ್ಬಿ 20:5, 18:3ರಂಥ ಗುರುತಿನ ಆಮ್ಲಗಳು ಸೊರಗುತ್ತವೆ. ಹಳೆಯ ಕಲ್ಚರ್ ಅನಿವಾರ್ಯವಾದರೆ ಒಟ್ಟು ಲಿಪಿಡ್ (ಕೊಬ್ಬಿನ ಅಂಶ) ನಂಬಬೇಡಿ. ಸಿಲಿಕಾ ಕಾಲಮ್‌ನಲ್ಲಿ ಮೊದಲು ಟ್ರೈಗ್ಲಿಸರೈಡ್ ಕಳೆಯಲು ಕ್ಲೋರೋಫಾರ್ಮ್, ಆಮೇಲೆ ಅಸಿಟೋನ್ ಹರಿಸಿ. ಅಸಿಟೋನ್‌ನಲ್ಲಿ ಇಳಿಯುವ ಗ್ಲೈಕೋಲಿಪಿಡ್ ಹರಿತ್ಕಣದ (ಕ್ಲೋರೋಪ್ಲಾಸ್ಟ್) ಪೊರೆಯದ್ದು, ವರ್ಗದ ಗುರುತು ಅಲ್ಲಿ ಹೆಚ್ಚು ನಿಚ್ಚಳ.

ಡೈನೋಫ್ಲಾಜೆಲೇಟ್ (ಚಾವಟಿಯಂಥ ಎಳೆಗಳಿಂದ ಈಜುವ ಪಾಚಿ) ವಿಷಯಕ್ಕೆ ಬಂದರೆ ಕೊಲೆಸ್ಟೆರಾಲ್ ಜಾತಿಯ ಸಂಯುಕ್ತಗಳಾದ ಸ್ಟೆರಾಲ್‌ದೇ ಮೇಲುಗೈ. 18:5 ಎನ್-3 ಅವುಗಳ ಗುರುತೆಂದರೂ ಬೇರೆ ಗುಂಪಿನ ಪಾಚಿಯಾದ ಎಮಿಲಿಯಾನಿಯಾ ಹಕ್ಸ್‌ಲೇಯಿಯಲ್ಲೂ ಅದು ಸಿಗುತ್ತದೆ. ಅವುಗಳ ಸ್ಟೆರಾಲ್ ಆದ ಡೈನೋಸ್ಟೆರಾಲ್ ಅಷ್ಟು ಸುಲಭವಾಗಿ ಬೇರೆಡೆ ಕಾಣದು. ಆದರೆ ಕೆರೇನಿಯಾ ಬ್ರೆವಿಸ್ ಎಂಬ ಡೈನೋಫ್ಲಾಜೆಲೇಟ್‌ನಲ್ಲಿ ಅದರ ಬದಲು ಮುಖ್ಯವಾಗಿ ಜಿಮ್ನೋಡೈನೋಸ್ಟೆರಾಲ್ ಮತ್ತು ಬ್ರೆವೆಸ್ಟೆರಾಲ್.

ಆದರೆ ಸ್ಟೆರಾಲ್‌ಗೆ ಪಾಚಿಯೂ ಹೆಚ್ಚು ಬೇಕು, ತಾಳ್ಮೆಯೂ ಬೇಕು. 80:20 ಮೆಥನಾಲ್-ನೀರಿನಲ್ಲಿ 5% ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹಾಕಿ 80 ಡಿಗ್ರಿಯಲ್ಲಿ ಎರಡು ಗಂಟೆ. 4:1 ಹೆಕ್ಸೇನ್-ಕ್ಲೋರೋಫಾರ್ಮ್‌ಗೆ ಎಳೆದು, ಒಣಗಿಸಿ, ಸ್ಟೆರಾಲನ್ನು ಸುಲಭವಾಗಿ ಆವಿಯಾಗಿಸುವ ಬಿಎಸ್‌ಟಿಎಫ್‌ಎ ಎಂಬ ರಾಸಾಯನಿಕದ ಜೊತೆ 60 ಡಿಗ್ರಿಯಲ್ಲಿ ಒಂದು ಗಂಟೆ. ತೇವ ತಗುಲಿದರೆ ಈ ಉತ್ಪನ್ನ ಒಡೆಯುತ್ತದೆ. ಬರಿಗೈ ಸೋಕಿದರೆ ಬೆರಳಿನ ಕೊಲೆಸ್ಟೆರಾಲ್ ಸೇರುತ್ತದೆ. ನ್ಯಾನೋಕ್ಲೊರಾಪ್ಸಿಸ್‌ನ ಮುಖ್ಯ ಸ್ಟೆರಾಲ್ ಕೂಡ ಅದೇ ಆದ್ದರಿಂದ ಪಾಚಿಯಿಲ್ಲದ ಖಾಲಿ ಮಾದರಿಯನ್ನು ಜೊತೆಗೆ ಓಡಿಸಲೇಬೇಕು. ಐಸೋಕ್ರೈಸಿಸ್ ಎಂಬ ಪಾಚಿಯ ಅನುಮಾನವಿದ್ದರೆ ಗ್ಯಾಸ್ ಕ್ರೊಮ್ಯಾಟೋಗ್ರಾಫ್‌ನ ಕಾಲಮ್ಮನ್ನು 310 ಡಿಗ್ರಿಯಲ್ಲಿ ಸಾಕಷ್ಟು ಹೊತ್ತು ಹಿಡಿಯಿರಿ: ಅದರ ಗುರುತಾದ, 37–39 ಇಂಗಾಲದ ಉದ್ದ ಸರಪಳಿಯ ಆಲ್ಕೆನೋನ್‌ಗಳು ತಡವಾಗಿ ಬರುತ್ತವೆ.

ಕ್ಷಾರದಲ್ಲಿ ಕುದಿಸಿದ ಅದೇ ಮಾದರಿಗೆ ಆಮ್ಲ ಬೆರೆಸಿ ಕೊಬ್ಬಿನಾಮ್ಲವನ್ನೂ ತೆಗೆಯಬಹುದು. ಡೈನೋಫ್ಲಾಜೆಲೇಟ್‌ಗೆ ಮಾತ್ರ ಹಾಗೆ ಮಾಡಬೇಡಿ. ಕ್ಷಾರ ತಾಕಿದರೆ 18:5ರ ದ್ವಿಬಂಧ ಜರುಗಿ ಯಂತ್ರದ ನಕ್ಷೆಯಲ್ಲಿ ಅದರ ಶಿಖರವೇ ದಾರಿ ತಪ್ಪಿಸುತ್ತದೆ. ಲಿಪಿಡ್ ಸಾರವನ್ನು ಮೊದಲೇ ಎರಡು ಪಾಲು ಮಾಡಿ, ಒಂದನ್ನು ಆಮ್ಲಕ್ಕೆ, ಇನ್ನೊಂದನ್ನು ಕ್ಷಾರಕ್ಕೆ ಕೊಡಿ.