ಹಳೆ ಮನೆಯ ಮರದಿಂದ ಮಾಡಿದ ಶೇವ್ ಹಾರ್ಸ್: ಮಳೆಗಾಲ ದಾಟಿದ ಮೇಲಿನ ಅಭಿಪ್ರಾಯ

ಹಾರೆಯ ಕಾವು, ಕೊಡಲಿಯ ಕಾವು, ಕತ್ತಿಯ ಹಿಡಿ ಇಂಥದ್ದನ್ನೆಲ್ಲ ಮನೆಯಲ್ಲೇ ಕೆತ್ತಿಕೊಳ್ಳುವವರು ಒಂದು ಶೇವ್ ಹಾರ್ಸ್ ಮಾಡಿಕೊಳ್ಳಲೇಬೇಕು. ಉದ್ದ ಬೆಂಚಿನ ಮೇಲೆ ಕುದುರೆ ಹತ್ತಿದ ಹಾಗೆ ಕೂತು, ಕೆಳಗಿನ ಮೆಟ್ಟನ್ನು ಕಾಲಿನಲ್ಲಿ ಮುಂದಕ್ಕೆ ಒತ್ತಿದರೆ ಎದುರಿನ ಅಡ್ಡಮರ ಬಂದು ಕೆತ್ತುವ ತುಂಡನ್ನು ಅದುಮಿ ಹಿಡಿಯುತ್ತದೆ. ಕಾಲು ಸಡಿಲ ಬಿಟ್ಟರೆ ತುಂಡೂ ಸಡಿಲ. ತಿರುಗಿಸಿ, ಮತ್ತೆ ಒತ್ತಿ, ಮತ್ತೆ ಕೀಸಿ. ತಿರುಪು ತಿರುಗಿಸಿ ಬಿಗಿಸುವ ವೈಸ್ ಆದರೆ ಪ್ರತಿಸಲ ಬಿಚ್ಚಿ ಬಿಗಿ ಮಾಡಬೇಕು, ಉರುಟು ಕಾವಿಗೆ ಅದು ದೊಡ್ಡ ತಲೆನೋವು ಅಲ್ವಾ.

ನನ್ನದು ಪೂರ್ತಿ ಹಳೆ ಮರದ್ದು. ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆ ಹಂಚಿನ ಮನೆ ಕೆಡವಿ ತಾರಸಿ ಮನೆ ಕಟ್ಟುವುದು ಮಾಮೂಲು. ಆಗ ತೊಲೆ, ಪಕ್ಕಾಸು (ಮಾಡಿನ ಇಳಿಜಾರು ಮರ), ಬಾಗಿಲಿನ ದಾರಂದ ಎಲ್ಲ ಅಂಗಳದಲ್ಲಿ ರಾಶಿ ಬೀಳುತ್ತದೆ, ಎಷ್ಟೋ ಸಲ ಸೌದೆಯ ಬೆಲೆಗೇ ಹೋಗುತ್ತದೆ. ಬೆಂಚಿಗೆ ಹಲಸಿನ ತೊಲೆ ಸೀಳಿಸಿದ 5 ಅಡಿ ಉದ್ದ, 2 ಇಂಚು ದಪ್ಪದ ಹಲಗೆ. ಮೇಲಿನ ಕಂದು ಪದರ ಕೀಸಿದರೆ ಒಳಗೆ ಇನ್ನೂ ಹೊಂಬಣ್ಣ! ಮೆಟ್ಟನ್ನೂ ಅಡ್ಡಮರವನ್ನೂ ಜೋಡಿಸಿ ಹಿಂದೆ ಮುಂದೆ ಆಡುವ ಕೈಗಳಿಗೆ ಗಂಟಿಲ್ಲದ ಪಕ್ಕಾಸು, ತುಂಡನ್ನು ಹಿಡಿಯುವ ಅಡ್ಡಮರಕ್ಕೆ ಹುಣಸೆ. ತೆಂಗಿನ ಮರ ಬೇಡ, ಹೊರಗೆ ಕಲ್ಲಿನಷ್ಟು ಗಟ್ಟಿ ಇದ್ದರೂ ತಿರುಳು ಮೆತ್ತಗೆ.

ಹಳೆ ಮರದ ದೊಡ್ಡ ಲಾಭ ದುಡ್ಡು ಉಳಿಯುವುದಲ್ಲ, ಅದು ಒಣಗಿರುವುದು. ಹಸಿ ಮರದಲ್ಲಿ ಕಾಲು ಕೂರಿಸಿದರೆ ಒಣಗುತ್ತಾ ಕುಗ್ಗಿ ಅಲ್ಲಾಡುತ್ತದೆ. ನನ್ನದರಲ್ಲಿ ಮೂರೇ ಕಾಲು, ಮೇಲಿನಿಂದ ಬೆಣೆ ಹೊಡೆದದ್ದು, ಇವತ್ತಿನವರೆಗೂ ಒಂದೂ ಸಡಿಲಾಗಿಲ್ಲ. ಮುರಕಲ್ಲಿನ ಏರುತಗ್ಗಿನ ಅಂಗಳದಲ್ಲೂ ಮೂರು ಕಾಲು ಕುಲುಕದೆ ನಿಲ್ಲುತ್ತದೆ.

ಆದರೆ ಆಣಿ ನೋಡಿಕೊಳ್ಳಿ. ರೀಪು ಹೊಡೆದ ಆಣಿಗಳ ತಲೆ ತುಕ್ಕು ಹಿಡಿದು ಉದುರಿರುತ್ತದೆ, ಉಳಿದದ್ದು ಮರದೊಳಗೇ ಕೂತಿರುತ್ತದೆ. ಮರದ ಮೇಲೆ ಎಲ್ಲಾದರೂ ಚುಕ್ಕಿಯಷ್ಟು ಕಪ್ಪು ಕಲೆ ಕಂಡರೆ ಅನುಮಾನಪಡಿ. ಹಾಳಾದ ಸ್ಪೀಕರಿನ ಮ್ಯಾಗ್ನೆಟ್ ಆಡಿಸಿದರೆ ಅಲ್ಲಿ ಸಣ್ಣಗೆ ಎಳೆದದ್ದು ಗೊತ್ತಾಗುತ್ತದೆ. ಕಮ್ಮಾರರ ಹತ್ತಿರ ಲಾರಿಯ ಸ್ಪ್ರಿಂಗ್ ಪ್ಲೇಟಿನಿಂದ ಮಾಡಿಸಿದ ಡ್ರಾನೈಫಿನ (ಎರಡು ಕೈಯಲ್ಲಿ ಹಿಡಿದು ತನ್ನ ಕಡೆ ಎಳೆದು ಕೀಸುವ ಕತ್ತಿಯ) ಬಾಯಿ ಹಾಳಾಗಲು ಒಂದು ಆಣಿ ಸಾಕು.

ಹಿಡಿತ ಬರುವುದು ಅಳತೆಯಿಂದ. ಕೈ ತೂಗುವ ತೂತಿನಿಂದ ಮೇಲಿನ ಅಡ್ಡಮರಕ್ಕೆ 8 ಇಂಚು, ಕೆಳಗಿನ ಮೆಟ್ಟಿಗೆ 16 ಇಂಚು ಇಟ್ಟಿದ್ದೇನೆ. ಕಾಲಿನ ಬಲ ಮೇಲೆ ಎರಡು ಪಟ್ಟಾಗಿ ಬರುತ್ತದೆ, ಮೊಣಕಾಲಿಗೂ ಆಯಾಸ ಕಡಿಮೆ. ತೂತುಗಳನ್ನು ಒಂದರ ಮೇಲೊಂದು ಮೂರು ಕೊರೆಯಿರಿ, ದಪ್ಪ ತುಂಡು ಬಂದಾಗ ಬದಲಿಸಿಕೊಳ್ಳಬಹುದು.

ಇನ್ನು ಮಳೆಗಾಲ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಆ ತೂತಿಗೆ ಹಾಕಿದ ಮರದ ಗೂಟ ಊದಿಕೊಂಡು ಕೈ ಆಡುವುದೇ ಇಲ್ಲ, ಬೇಸಿಗೆಯಲ್ಲಿ ಅದೇ ಗೂಟ ಲೊಡಲೊಡ. ಈಗ ಗೂಟದ ಬದಲು ಅರ್ಧ ಇಂಚಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್ ಹಾಕಿದ್ದೇನೆ. ಅದರ ಹೊರಗಿನ ದಪ್ಪ ಸುಮಾರು 21 ಮಿಲಿಮೀಟರ್, ತೂತು ಅದಕ್ಕಿಂತ ಒಂದು ಕೂದಲು ದೊಡ್ಡದಿರಲಿ. ಹುಣಸೆಯ ನುಣುಪಿಗೆ ಒಣ ಕಾವು ಜಾರುತ್ತದೆ, ಸೈಕಲ್ ಟ್ಯೂಬಿನ ತುಂಡು ಅಂಟಿಸಿದ ಮೇಲೆ ಆ ತೊಂದರೆ ಇಲ್ಲ.

ಬೇಸರದ ಸಂಗತಿಯೂ ಇದೆ. ಹಲಸಿನ ಹಲಗೆ ಭಾರ, ಜಗಲಿಯಿಂದ ಅಂಗಳಕ್ಕೆ ತರಲು ಇಬ್ಬರು ಬೇಕು. ಅಗಲ ಹಲಗೆಯ ಕೆಲಸ ಇದರಲ್ಲಿ ಆಗುವುದಿಲ್ಲ. ಕಿಟಕಿ, ಕಪಾಟು ಮಾಡುವವರು ಸುಮ್ನೆ ಜಾಗ ಕೊಡಬೇಡಿ.

ಗೆದ್ದಲಿಗೆ ನಮ್ಮೂರಿನ ಗೇರು ಎಣ್ಣೆಯೇ ಸಾಕು. ಬೀಜದ ಸಿಪ್ಪೆಯಿಂದ ಬರುವ ಆ ಕಪ್ಪು ಎಣ್ಣೆಯನ್ನು ಕಾಲುಗಳ ಬುಡಕ್ಕೆ ಮಾತ್ರ ಹಚ್ಚಿ, ಕೈಗೆ ಗ್ಲೌಸ್ ಹಾಕಿಕೊಂಡೇ ಹಚ್ಚಿ. ಕೂರುವ ಜಾಗಕ್ಕೆ ಖಂಡಿತ ಬೇಡ, ಚರ್ಮ ಸುಟ್ಟು ಬೊಬ್ಬೆ ಬರುತ್ತದೆ.