ಬಿದ್ದವರಿಗೆ ಮತ್ತೆ ಬೈಕ್ ರೂಢಿ ಮಾಡಿಸುವ ತರಬೇತಿ: ಹಣ ಕಟ್ಟುವ ಮುಂಚೆ

ಇಂಥ ತರಬೇತಿ ಗಟ್ಟಿಯೋ ಜೊಳ್ಳೋ ಎಂಬುದು ಮೊದಲ ಹದಿನೈದು ನಿಮಿಷದಲ್ಲೇ ಗೊತ್ತಾಗುತ್ತದೆ. ಹೋದ ಕೂಡಲೇ ಗಾಡಿ ಹತ್ತಿಸಿದರೆ ಅದು ಬರೀ ಡ್ರೈವಿಂಗ್ ಸ್ಕೂಲು. ಕೆಲಸ ಬಲ್ಲ ಟ್ರೇನರ್ ಮೊದಲು ಹೇಗೆ ಬಿದ್ದಿರಿ ಎಂದು ಕೇಳುತ್ತಾರೆ: ತಿರುವಿನಲ್ಲಿ ಜಾರಿತೋ, ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಯಿತೋ, ಯಾರಾದರೂ ಅಡ್ಡ ಬಂದರೋ. ಪಾಠ ಶುರುವಾಗುವುದು ಅಲ್ಲಿಂದ.

ಆಮೇಲೆ ಗಾಡಿಯ ಸರದಿ. ಹ್ಯಾಂಡಲ್ ಚೂರು ಸೊಟ್ಟಗಿದ್ದರೂ, ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕ್ ತಿರುಚಿದ್ದರೂ ಗಾಡಿ ಒಂದು ಕಡೆಗೆ ಎಳೆಯುತ್ತದೆ. ಸವಾರರು ಅದನ್ನು ತಮ್ಮ ಪುಕ್ಕಲುತನ ಎಂದುಕೊಳ್ಳುತ್ತಾರೆ. ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಬರೀ ಗೀರು ತೋರಿಸಿದರೂ ಬದಲಿಸಬೇಕು. ಒಳಗಿನ ಥರ್ಮೋಕೋಲ್ ಪದರ ಒಮ್ಮೆ ಅಪ್ಪಚ್ಚಿಯಾದರೆ ಮತ್ತೆ ಉಬ್ಬುವುದಿಲ್ಲ.

ಕೊಟ್ಟ ಕಾಸು ದಕ್ಕುವುದು ಬ್ರೇಕ್ ಅಭ್ಯಾಸದಲ್ಲಿ. ಖಾಲಿ ಡಾಂಬರು ಜಾಗ, ಗಂಟೆಗೆ 20 ಕಿ.ಮೀ. ವೇಗ. ಮುಂದಿನ ಲಿವರನ್ನು ಮೊದಲು ಮೆಲ್ಲಗೆ ಎಳೆಯಬೇಕು. ಮುಂದಿನ ಸಸ್ಪೆನ್ಷನ್ ಕುಗ್ಗಿ, ಭಾರ ಟೈರಿನ ಮೇಲೆ ಬಂದ ಮೇಲೆ ಜೋರಾಗಿ ಒತ್ತಬೇಕು. ಒಮ್ಮೆಲೇ ಹಿಂಡಿದರೆ ಭಾರ ಬರುವ ಮೊದಲೇ ಚಕ್ರ ಲಾಕ್ ಆಗುತ್ತದೆ, ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇಲ್ಲದ ಗಾಡಿ ಮಲಗುತ್ತದೆ. ನಿಂತ ಕಡೆಯೆಲ್ಲ ಸೀಮೆಸುಣ್ಣದಲ್ಲಿ ಗೆರೆ ಎಳೆಯುವ ಟ್ರೇನರ್ ಸಿಕ್ಕರೆ ಬಿಡಬೇಡಿ: ಗೆರೆಗಳು ಹತ್ತಿರ ಹತ್ತಿರ ಬರುವುದು ಕಣ್ಣಿಗೆ ಕಂಡಷ್ಟು ಧೈರ್ಯ ಯಾವ ಮಾತಿನಿಂದಲೂ ಬರುವುದಿಲ್ಲ. ಹತ್ತು ಸಲ ನೇರವಾಗಿ ನಿಂತರೆ 30, ಆಮೇಲೆ 40. ವೇಗ ಎರಡು ಪಟ್ಟಾದರೆ ಬ್ರೇಕ್ ಹಿಡಿದ ಮೇಲೆ ಗಾಡಿ ಸಾಗುವ ದೂರ ಸುಮಾರು ನಾಲ್ಕು ಪಟ್ಟಾಗುತ್ತದೆ. ಹಾಗಾಗಿ ಅವಸರ ಬೇಡ.

ಹೆದರಿದ ಕೈ ಹ್ಯಾಂಡಲನ್ನು ಬಿಗಿಯಾಗಿ ಹಿಡಿಯುತ್ತದೆ, ಗಾಡಿ ತಿರುಗುವುದೇ ಇಲ್ಲ. ಮಂಡಿಯಿಂದ ಟ್ಯಾಂಕ್ ಒತ್ತಿ, ಮೊಣಕೈ ಸಡಿಲ ಬಿಡಿ. ಕಣ್ಣು ಹೋದಲ್ಲಿಗೆ ಗಾಡಿ ಹೋಗುತ್ತದೆ. ಗುಂಡಿಯನ್ನೇ ನೋಡಿದರೆ ಗುಂಡಿಗೇ.

ಬಹಳ ಟ್ರೇನರ್‌ಗಳು ಎಡವುವುದು ಒಂದೇ ಕಡೆ: ಸವಾರರ ಮುಖ ಬಿಳಿಚಿಕೊಂಡ ಕೂಡಲೇ 'ಇವತ್ತಿಗೆ ಸಾಕು' ಎನ್ನುತ್ತಾರೆ. ಹತ್ತಕ್ಕೆ ಎಂಟು ಭಯ ಇರುವಾಗ ಇಳಿದರೆ, ಇಳಿದದ್ದರಿಂದಲೇ ಬಚಾವಾದೆ ಎಂದು ಮನಸ್ಸು ನಂಬುತ್ತದೆ. ಮರುದಿನ ಹತ್ತುವುದು ಇನ್ನೂ ಕಷ್ಟ. ವೇಗ ಇಳಿಸಿ, ಉಸಿರನ್ನು ನಿಧಾನವಾಗಿ ಹೊರಬಿಡುತ್ತಾ ಅದೇ ಸುತ್ತನ್ನು ಭಯ ನಾಲ್ಕಕ್ಕೆ ಇಳಿಯುವವರೆಗೆ ಹೊಡೆಸಬೇಕು. ತಲೆ ಸುತ್ತಿದರೆ, ಕೈ ಮರಗಟ್ಟಿದರೆ ಮಾತ್ರ ನಿಲ್ಲಿಸುವುದು ಸರಿ.

ಆರೇಳು ಜನರ ಬ್ಯಾಚ್ ಈ ಕೆಲಸಕ್ಕೆ ಒಗ್ಗುವುದಿಲ್ಲ. ತರಬೇತಿಯವರ ಹಗುರ ಗಾಡಿಯಲ್ಲಿ ಕಲಿತದ್ದು ನಿಮ್ಮ ಭಾರದ ಗಾಡಿಗೆ ಪೂರ್ತಿ ಬಾರದು. ನಿಮ್ಮದನ್ನೇ ಒಯ್ಯಲು ಬಿಡುತ್ತಾರಾ ಕೇಳಿ. ಟ್ರಾಫಿಕ್ಕಿನಲ್ಲಿ ಟ್ರೇನರ್ ಹಿಂದೆ ಬರುವ ಸುತ್ತು ಇದೆಯಾ, ಮನೆಯಲ್ಲಿ ದಿನಾ ಇಪ್ಪತ್ತು ನಿಮಿಷ ಏನು ಮಾಡಬೇಕೆಂದು ಬರೆದುಕೊಡುತ್ತಾರಾ ಅದನ್ನೂ ಕೇಳಿ. ತಿಂಗಳು ಕಳೆದರೂ ಗುದ್ದಿದ ಗಳಿಗೆ ಕಣ್ಮುಂದೆ ಮರುಕಳಿಸುತ್ತಿದ್ದರೆ, ನಿದ್ದೆ ಕೆಡುತ್ತಿದ್ದರೆ ಅದು ಟ್ರೇನರ್ ಕೈಯ ಕೆಲಸವಲ್ಲ. ಮೊದಲು ಮನೋವೈದ್ಯರನ್ನೋ ಮನಶ್ಶಾಸ್ತ್ರಜ್ಞರನ್ನೋ ಕಂಡು, ಆಮೇಲೆ ಈ ಹಣ ಕಟ್ಟಿ.